ವಸಂತದಲ್ಲಿ ಹೂಬಿಡುವ ಗೆಡ್ಡೆಗಳು

ಶೀತದೇಶಗಳ ಟ್ಯೂಲಿಪ್ ಗೆಡ್ಡೆಗೆ ಹೂಬಿಡುವ ಮುನ್ನ ಸುಮಾರು 12 ವಾರಗಳ ಕಡುಚಳಿ ಬೇಕು. ಬೆಂಗಳೂರಿನ ಚಳಿಯು ಅದಕ್ಕೆ ಸಾಲದು. ಇಲ್ಲಿನ ಮನೆದೋಟಕ್ಕೆ ತಕ್ಕುದು ದಕ್ಷಿಣ ಅಮೆರಿಕಾ ಮೂಲದ ಹಿಪ್ಪಿಯಾಸ್ಟ್ರಮ್. ಅಮರಿಲ್ಲಿಸ್ ಎಂಬ ಹೆಸರೇ ಇದಕ್ಕೆ ರೂಢಿಯಲ್ಲಿದೆ. ನೀರು ಬಸಿದುಹೋಗುವ ಮಣ್ಣಿನಲ್ಲಿ, ಗೆಡ್ಡೆಯ ಕತ್ತು ಮೇಲೆ ಕಾಣುವಂತೆ ನೆಡತಕ್ಕದ್ದು. ಆಳಕ್ಕೆ ಹೂತರೆ ಕೊಳೆಯುವುದುಂಟು.

ಹೂ ಬಾಡಿದೊಡನೆ ಎಲೆಗಳನ್ನೂ ಕೊಯ್ದು ಅಂಗಳವನ್ನು ಚೊಕ್ಕಟಮಾಡುವ ವಾಡಿಕೆಯೇ ದೊಡ್ಡ ಕೇಡು. ಮುಂದಿನ ವರ್ಷದ ಮೊಗ್ಗು ಈ ಎಲೆಗಳು ಸಿದ್ಧಪಡಿಸುವ ಆಹಾರದಿಂದಲೇ ಗೆಡ್ಡೆಯೊಳಗೆ ರೂಪುಗೊಳ್ಳುವುದು. ಆದುದರಿಂದ ಹೂದಂಟನ್ನು ಮಾತ್ರ ಕತ್ತರಿಸಿ, ಮಳೆಗಾಲವೆಲ್ಲ ಎಲೆಗಳನ್ನು ಉಳಿಸಿಕೊಂಡು ಗೊಬ್ಬರ ಕೊಡಬೇಕು. ನವೆಂಬರಿನಿಂದ ನೀರನ್ನು ಕಡಮೆಮಾಡುತ್ತ ಬಂದು, ಎರಡು ತಿಂಗಳು ಗೆಡ್ಡೆಗೆ ವಿಶ್ರಾಂತಿ ಕೊಡತಕ್ಕದ್ದು. ಫೆಬ್ರವರಿಯಲ್ಲಿ ಮತ್ತೆ ನೀರೆರೆಯಲು, ಅನೇಕ ವೇಳೆ ಎಲೆಗಿಂತ ಮೊದಲು ಹೂದಂಟೇ ತಲೆಯೆತ್ತುವುದು.