ಸಮುದಾಯ ಗ್ರಂಥಾಲಯಕ್ಕೆ ಪಠ್ಯವನ್ನು ಒಪ್ಪಿಸುವ ಕ್ರಮ

ಗ್ರಂಥಸಂಪಾದನೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಓಲೆಗರಿ, ಕಡತ, ಪಾಠಾಂತರ, ಲಿಪಿಕಾರನ ಪ್ರಮಾದ ಮೊದಲಾದ ಸಂಗತಿಗಳು. ಒಮ್ಮೆ ಅಚ್ಚಾದ ಪುಸ್ತಕಕ್ಕೆ ಮತ್ತೆ ಅಂಥ ಎಚ್ಚರ ಏಕೆ ಬೇಕು ಎಂಬ ಪ್ರಶ್ನೆ ಸಹಜವಾದದ್ದೇ. ಆದರೆ ಹಳೆಯ ಮುದ್ರಿತ ಪುಸ್ತಕವೊಂದು ಅಂತರಜಾಲದ ಸಮುದಾಯ ಗ್ರಂಥಾಲಯವನ್ನು ಸೇರುವಾಗ ಅದು ಇನ್ನೊಮ್ಮೆ ಪ್ರತಿಯಾಗುತ್ತದೆ. ಪ್ರತಿಯಾಗುವಲ್ಲಿ ಲಿಪಿಕಾರನೊಬ್ಬನಿದ್ದೇ ಇರುತ್ತಾನೆ. ಅವನು ಮನುಷ್ಯನೂ ಆಗಿರಬಹುದು, ಯಂತ್ರವೂ ಆಗಿರಬಹುದು. ಕನ್ನಡ ವಿಕಿಸೋರ್ಸ್ ಎಂಬ ಗ್ರಂಥಾಲಯಕ್ಕೆ ಪಠ್ಯವನ್ನು ಸಿದ್ಧಪಡಿಸಿ ಒಪ್ಪಿಸುವ ಕ್ರಮವನ್ನು ನಮ್ಮ ವಿಭಾಗಗಳ ವಿದ್ಯಾರ್ಥಿಗಳಿಗೆ ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳದೆ ಅದು ಪೂರ್ಣವಾಗಲಾರದು.

ಕೆಲವು ವರ್ಷಗಳಿಂದ ರಜೆಯ ದಿನಗಳನ್ನು ನಾನು ಪುಣೆಯ ಧನಕವಡಿಯಲ್ಲಿರುವ ಮಗಳ ಮನೆಯಲ್ಲಿ ಕಳೆಯುತ್ತಿದ್ದೇನೆ. ಶಂಕರ ಮಹಾರಾಜರ ಮಠದ ಮುಂದೆ ಹಾಯ್ದುಹೋಗುವ ಸಾತಾರಾ ರಸ್ತೆ ಕಾತ್ರಜ ಘಾಟನ್ನು ದಾಟಿ ಕೊಲ್ಹಾಪುರದ ಮೇಲೆ ಬೆಳಗಾವಿಯನ್ನು ಮುಟ್ಟುತ್ತದೆ. ಹಾಗಾಗಿ ಈ ಭಾಗದಲ್ಲಿ ಕನ್ನಡದ ಮನೆಗಳು ಅಪರೂಪವಲ್ಲ. ನಮ್ಮ ಕಟ್ಟಡದಲ್ಲಿಯೇ ವಿಜಯಪುರ ಜಿಲ್ಲೆಯ ಹಿರಿಯರೊಬ್ಬರಿದ್ದಾರೆ. ಸೊಲ್ಲಾಪುರದ ಕಡೆಯ ಕನ್ನಡ ಶಾಲೆಯಲ್ಲಿ ಮಾಸ್ತರಾಗಿದ್ದು ನಿವೃತ್ತರಾದವರು. ಅವರ ಮೊಮ್ಮಗ ಮನೆಯಲ್ಲಿ ಕನ್ನಡ ಮಾತನಾಡುತ್ತಾನೆ, ಓದುವುದು ಮಾತ್ರ ದೇವನಾಗರಿಯಲ್ಲಿ. ತಂದೆಯ ಕಾಲದ ಒಂದು ಟ್ರಂಕು ಪುಸ್ತಕ ಅವರ ಬಳಿ ಇದೆ. ಅವುಗಳ ಹಾಳೆ ಮುಟ್ಟಿದರೆ ಮುರಿಯುವ ಸ್ಥಿತಿಗೆ ಬಂದಿದೆ. ಇವನ್ನು ಉಳಿಸುವ ಬಗೆ ಹೇಗೆಂದು ಅವರು ಕೇಳಿದ್ದರಿಂದಲೇ ನಾವಿಬ್ಬರೂ ಈ ಕೆಲಸಕ್ಕೆ ಕೈಹಾಕಿದೆವು.

ಪುಣೆಗೂ ಕನ್ನಡ ಪಠ್ಯಗಳಿಗೂ ಇರುವ ಸಂಬಂಧ ಹೊಸದೇನಲ್ಲ. 1898ರಲ್ಲಿ ‘ಕವಿರಾಜಮಾರ್ಗ’ವನ್ನು ಮೊದಲು ಸಂಪಾದಿಸಿಕೊಟ್ಟ ಕೆ. ಬಿ. ಪಾಠಕರು ಇಲ್ಲಿನ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದವರು. ಆಲೂರು ವೆಂಕಟರಾಯರು ಓದಿದ್ದು ಫರ್ಗ್ಯುಸನ್ ಕಾಲೇಜಿನಲ್ಲಿ. ಅವರ ‘ಕರ್ನಾಟಕ ಗತವೈಭವ’ ಪ್ರಕಟವಾದ 1917ರಲ್ಲಿಯೇ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವೂ ಸ್ಥಾಪನೆಯಾಯಿತು.

ಯಾವ ಪುಸ್ತಕವನ್ನು ಒಪ್ಪಿಸಬಹುದು ಎಂಬುದು ಮೊದಲ ಪ್ರಶ್ನೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಲೇಖಕನ ಹಕ್ಕು ಅವನ ಜೀವಿತಕಾಲಕ್ಕೂ, ಅವನು ತೀರಿಕೊಂಡ ಮರುವರ್ಷದ ಆರಂಭದಿಂದ ಎಣಿಸಿ 60 ವರ್ಷಗಳಿಗೂ ಸಲ್ಲುತ್ತದೆ. ಮೊದಲು 50 ವರ್ಷಗಳಿದ್ದುದನ್ನು 1992ರ ತಿದ್ದುಪಡಿ 60ಕ್ಕೆ ಏರಿಸಿತು. ಗೋವಿಂದ ಪೈಗಳು 1963ರಲ್ಲಿ ನಿಧನರಾದುದರಿಂದ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಜನವರಿ 1ರಂದೂ, 1964ರಲ್ಲಿ ನಿಧನರಾದ ಆಲೂರರವು 2025ರ ಜನವರಿ 1ರಂದೂ ಸಾರ್ವಜನಿಕ ಸ್ವತ್ತಾದವು. ಲೇಖಕನ ಮರಣಾನಂತರ ಮೊದಲು ಅಚ್ಚಾದ ಕೃತಿಗೆ ಪ್ರಕಟಣೆಯ ವರ್ಷದಿಂದ ಲೆಕ್ಕ.

ಅನುವಾದದ ವಿಷಯದಲ್ಲಿ ನಮ್ಮವರು ಸಾಮಾನ್ಯವಾಗಿ ಎಡವುತ್ತಾರೆ. ತಿಲಕರ ‘ಗೀತಾರಹಸ್ಯ’ ಮರಾಠಿಯಲ್ಲಿ 1915ರಲ್ಲಿ ಹೊರಬಂದಿತು. ತಿಲಕರು 1920ರಲ್ಲಿ ತೀರಿಕೊಂಡರು. ಮೂಲಕೃತಿ ಮುಕ್ತವಾಗಿ ಎಷ್ಟೋ ದಶಕಗಳು ಕಳೆದಿವೆ. ಆದರೆ ಅದನ್ನು ಕನ್ನಡಕ್ಕೆ ತಂದವರು ಆಲೂರರು. ಅನುವಾದಕನಿಗೆ ತನ್ನ ಅನುವಾದದ ಮೇಲೆ ಬೇರೆಯೇ ಹಕ್ಕುಂಟು. ಆದ್ದರಿಂದ ಆ ಕನ್ನಡ ಪಠ್ಯ 2024ರ ಕೊನೆಯವರೆಗೂ ಮುಕ್ತವಾಗಿರಲಿಲ್ಲ. ಹಾಗೆಯೇ ಹಳೆಯ ಕೃತಿಯ ಹೊಸ ಮುದ್ರಣಕ್ಕೆ ಇಂದಿನವರು ಬರೆದ ಮುನ್ನುಡಿ, ಟಿಪ್ಪಣಿಗಳಿಗೂ ಪ್ರತ್ಯೇಕ ಹಕ್ಕುಂಟು. ಅವನ್ನು ಕೈಬಿಡಬೇಕು, ಸಾಧ್ಯವಾದರೆ ಹಳೆಯ ಮುದ್ರಣವನ್ನೇ ಹುಡುಕಬೇಕು. ಪುಟಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್ ಅಮೆರಿಕದ ಕಾನೂನಿಗೂ ಒಳಪಡುತ್ತದೆ. 95 ವರ್ಷಗಳ ಹಿಂದೆ ಪ್ರಕಟವಾದ ಪುಸ್ತಕಗಳಿಗೆ ಅಲ್ಲಿ ಅಡ್ಡಿಯಿಲ್ಲ. ಅದಕ್ಕಿಂತ ಈಚಿನದಾದರೆ ಭಾರತದಲ್ಲಿ ಮುಕ್ತವಾಗಿದ್ದರೂ ವಿಚಾರಿಸಿಯೇ ಮುಂದುವರಿಯುವುದು ಕ್ಷೇಮ.

ಪುಸ್ತಕ ನಿಶ್ಚಯವಾದ ಮೇಲೆ ಪುಟಗಳ ಚಿತ್ರ ತೆಗೆದು ಒಂದೇ ಕಡತವಾಗಿ ಜೋಡಿಸಿ ಕಾಮನ್ಸ್‌ಗೆ ಏರಿಸಬೇಕು. ಅನಂತರ ವಿಕಿಸೋರ್ಸ್‌ನಲ್ಲಿ ಆ ಕಡತಕ್ಕೆ ಒಂದು ಪರಿವಿಡಿ ಪುಟವನ್ನು ರಚಿಸಿದರೆ ಎಡಗಡೆ ಪಠ್ಯ, ಬಲಗಡೆ ಮೂಲದ ಚಿತ್ರ ಹೀಗೆ ಒಂದೊಂದು ಪುಟವೂ ತೆರೆದುಕೊಳ್ಳುತ್ತದೆ. ಈ ಚಿತ್ರವೇ ಎಲ್ಲದರ ಜೀವಾಳ. ಓದುಗನಿಗೆ ಯಾವ ಅಕ್ಷರದ ಮೇಲೆ ಸಂಶಯ ಬಂದರೂ ಮೂಲವನ್ನು ಆ ಕ್ಷಣವೇ ನೋಡಬಹುದು. ನಮ್ಮ ಎಷ್ಟೋ ಮುದ್ರಿತ ಸಂಪಾದನೆಗಳಲ್ಲಿ ಈ ಅನುಕೂಲವಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವನ್ನಾಗಿಸುವ ಕೆಲಸವನ್ನು ಈಗ ಯಂತ್ರವೇ ಮಾಡಿಕೊಡುತ್ತದೆ. ಆದರೆ ಈ ಹೊಸ ಲಿಪಿಕಾರನ ಪ್ರಮಾದಗಳು ಬೇರೆ ಬಗೆಯವು. ಹಳೆಯ ಲಿಪಿಕಾರ ಕಣ್ಣಿಗೆ ಕಾಣುವಂತೆ ತಪ್ಪುತ್ತಿದ್ದ. ಯಂತ್ರ ಕಣ್ಣಿಗೆ ಕಾಣದಂತೆ ತಪ್ಪುತ್ತದೆ. ಎರಡು ನಿದರ್ಶನಗಳು ಸಾಕು. ಕನ್ನಡದ ಅನುಸ್ವಾರವೂ ಸೊನ್ನೆಯ ಅಂಕಿಯೂ ನೋಡಲು ಒಂದೇ. ಯೂನಿಕೋಡ್ ಸಂಕೇತದಲ್ಲಿ ಮಾತ್ರ ಅವು ಬೇರೆ ಬೇರೆ. ಯಂತ್ರವು ‘ಗ್ರಂಥ’ ಎಂಬುದನ್ನು ‘ಗ್ರ೦ಥ’ ಎಂದು ಕೊಟ್ಟರೆ ಓದುಗನಿಗೆ ವ್ಯತ್ಯಾಸ ತೋರುವುದಿಲ್ಲ, ಆದರೆ ಹುಡುಕಿದಾಗ ಆ ಶಬ್ದ ಸಿಗುವುದಿಲ್ಲ. ಅರ್ಕಾವೊತ್ತಿನದು ಇನ್ನೂ ದೊಡ್ಡ ತೊಡಕು. ಅದರ ಆಕೃತಿ ಒಂಬತ್ತರ ಅಂಕಿಯನ್ನು ಹೋಲುವುದರಿಂದ ‘ಕರ್ನಾಟಕ’ವು ‘ಕನಾ೯ಟಕ’ವಾಗುತ್ತದೆ, ಅಂದರೆ ‘ಕನಾ’, ಒಂಬತ್ತು, ‘ಟಕ’. ಆಲೂರರ ಪುಸ್ತಕವನ್ನು ಹೀಗೆ ಏರಿಸಿದರೆ ಅದರಲ್ಲಿ ಕರ್ನಾಟಕ ಎಂಬ ಹೆಸರೇ ಇಲ್ಲವೆಂದು ಹುಡುಕುಯಂತ್ರ ಹೇಳೀತು! ಶಬ್ದಪ್ರಯೋಗಗಳ ಎಣಿಕೆ, ನಿಘಂಟಿನ ಉಲ್ಲೇಖ ಮೊದಲಾದವುಗಳಿಗೆ ಇಂಥ ಪಠ್ಯವನ್ನು ನಂಬುವ ಸಂಶೋಧಕನ ಗತಿ ಏನೆಂದು ಊಹಿಸಬಹುದು. ಹಳಗನ್ನಡದ ಱ, ೞ ಅಕ್ಷರಗಳಿಗೆ ಪ್ರತ್ಯೇಕ ಸಂಕೇತಗಳಿವೆ. ಯಂತ್ರ ಕೊಟ್ಟ ರ, ಳಗಳನ್ನು ಹಾಗೆಯೇ ಬಿಡುವುದು ಅಪರಾಧವೇ ಸರಿ.

ಪುಟವಿನ್ಯಾಸದ ನಿಯಮಗಳು ಹೆಚ್ಚೇನೂ ಇಲ್ಲ. ಪ್ರತಿ ಪುಟದ ನೆತ್ತಿಯಲ್ಲಿ ಮರುಕಳಿಸುವ ಶೀರ್ಷಿಕೆಯನ್ನೂ ಪುಟಸಂಖ್ಯೆಯನ್ನೂ ಅವುಗಳಿಗೆಂದೇ ಇರುವ ಪೆಟ್ಟಿಗೆಯಲ್ಲಿ ಹಾಕಬೇಕು. ಇಲ್ಲವಾದರೆ ಪುಟಗಳನ್ನು ಜೋಡಿಸಿ ಅಧ್ಯಾಯ ಮಾಡಿದಾಗ ಅವು ವಾಕ್ಯಗಳ ನಡುವೆ ಬಂದು ಕೂರುತ್ತವೆ. ಅಡಿಟಿಪ್ಪಣಿಯನ್ನು ಅದು ಸೇರಿದ ಶಬ್ದದ ಪಕ್ಕದಲ್ಲಿಯೇ ಸೂಚಿಸಬೇಕು. ಪದ್ಯದ ಸಾಲುಗಳನ್ನು ಖಾಲಿ ಜಾಗ ಬಿಟ್ಟು ಹೊಂದಿಸದೆ ಪದ್ಯಕ್ಕೆಂದೇ ಇರುವ ಗುರುತನ್ನು ಬಳಸಬೇಕು. ಅಚ್ಚಿನ ಸಾಲು ಮುಗಿದಲ್ಲಿ ನಮ್ಮ ಸಾಲನ್ನೂ ಮುಗಿಸಬೇಕಾಗಿಲ್ಲ. ಇಲ್ಲಿಯೇ ಕನ್ನಡ ಬಲ್ಲವನ ಅಗತ್ಯ ಬೀಳುವುದು. ಹಳೆಯ ಅಚ್ಚಿನಲ್ಲಿ ಸಾಲಿನ ಕೊನೆಗೆ ಶಬ್ದ ತುಂಡಾದಾಗ ಅಡ್ಡಗೆರೆ ಹಾಕುವ ಪದ್ಧತಿ ಎಲ್ಲೆಡೆಯೂ ಇರಲಿಲ್ಲ. ‘ಅಲ್ಲ’ ಎಂದು ಸಾಲು ಮುಗಿದು ಮುಂದಿನದು ‘ದೆ’ ಎಂದು ಆರಂಭವಾದರೆ ಅದು ‘ಅಲ್ಲದೆ’ ಎಂದು ಯಂತ್ರಕ್ಕೆ ತಿಳಿಯದೆ ಹೋಗಬಹುದು. ದೀರ್ಘ ಸಮಾಸಗಳಲ್ಲಂತೂ ಎಲ್ಲಿ ಬಿಡಿಸಬೇಕು, ಎಲ್ಲಿ ಕೂಡಿಸಬೇಕು ಎಂಬುದು ಶುದ್ಧ ವ್ಯಾಕರಣದ ಪ್ರಶ್ನೆ.

ಇನ್ನು ನನ್ನ ತಪ್ಪಿನ ವಿಷಯ. ನಾವು ಮೊದಲು ಎತ್ತಿಕೊಂಡದ್ದು ಬೆಳಗಾವಿ ಪ್ರಾಂತದ ಒಂದು ಹಳೆಯ ಪ್ರಬಂಧ ಸಂಗ್ರಹ. ಯಂತ್ರ ಕೊಟ್ಟ ಪಠ್ಯವನ್ನು ತಿದ್ದುವುದು ನನ್ನ ಪಾಲಿಗೂ, ತಿದ್ದಿದ್ದನ್ನು ಪರಿಶೀಲಿಸುವುದು ಮಾಸ್ತರರ ಪಾಲಿಗೂ ಬಂದವು. ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ಕೈ ನನ್ನದು. ಹಳೆ ಮೈಸೂರಿನವನು ಬೇರೆ. ‘ಹ್ಯಾಗೆ’ ಎಂದಿದ್ದಲ್ಲಿ ‘ಹೇಗೆ’ ಎಂದೆ, ‘ಕೂಡ್ರಿಸಿ’ ಎಂದಿದ್ದಲ್ಲಿ ‘ಕೂರಿಸಿ’ ಎಂದೆ. ಯಂತ್ರದ ದೋಷಗಳನ್ನು ನಿವಾರಿಸುತ್ತಿದ್ದೇನೆಂಬ ಭಾವನೆಯಲ್ಲಿಯೇ ನಲವತ್ತು ಪುಟಗಳನ್ನು ಹೀಗೆ ಮುಗಿಸಿದ್ದೆ.

ಒಂದು ಸಂಜೆ ಮಾಸ್ತರರು ಮೂಲದ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರು. “ಸರ, ಇದು ಅಚ್ಚಿನ ತಪ್ಪಲ್ಲರಿ. ನಮ್ಮ ಕಡಿ ಮಾತ ಹಿಂಗ. ನೀವು ತಿದ್ದಿದ್ದು ಓದಿದ್ರ ಇದನ್ನ ಬರೆದವರು ಮೈಸೂರಿನವರು ಅಂತ ತಿಳೀತಾರ” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ತರಗತಿಯಲ್ಲಿ ಪಾಠನಿಷ್ಠೆಯ ಬಗೆಗೆ ಗಂಟೆಗಟ್ಟಲೆ ಮಾತನಾಡಿದ ನಾನು, ಉತ್ತರ ಕರ್ನಾಟಕದ ಗದ್ಯದ ಒಂದು ದಾಖಲೆಯನ್ನು ಸದ್ದಿಲ್ಲದೆ ಅಳಿಸುತ್ತ ಹೋಗಿದ್ದೆ. ಟ್ರಂಕಿನಲ್ಲಿದ್ದ ಪ್ರತಿ ಪುಡಿಯಾದ ಮೇಲೆ, ಪರದೆಯ ಮೇಲಿನ ಪಠ್ಯವನ್ನಷ್ಟೇ ನಕಲಿಸಿಕೊಂಡ ಓದುಗನ ಕೈಯಲ್ಲಿ ಉಳಿಯುವುದು ನನ್ನ ಕನ್ನಡವೇ ಹೊರತು ಆ ಲೇಖಕನದಲ್ಲ. ನಲವತ್ತು ಪುಟಗಳನ್ನೂ ಮತ್ತೆ ಮೊದಲಿನಿಂದ ನೋಡಿದೆವು.

ವಿಕಿಸೋರ್ಸ್‌ನ ವ್ಯವಸ್ಥೆಯಲ್ಲಿ ಇಂಥ ತಪ್ಪನ್ನು ಹಿಡಿಯಲು ಒಂದು ಏರ್ಪಾಡಿದೆ. ಯಂತ್ರದ ಪಠ್ಯ ಮಾತ್ರವಿರುವ ಪುಟಕ್ಕೆ ಕೆಂಪು ಬಣ್ಣ, ಒಬ್ಬರು ಕರಡು ತಿದ್ದಿದ ಮೇಲೆ ಹಳದಿ, ಬೇರೊಬ್ಬರು ಪರಿಶೀಲಿಸಿದ ಮೇಲೆ ಹಸಿರು. ಹಳದಿ ಮಾಡಿದವನೇ ಹಸಿರು ಮಾಡಲು ಅವಕಾಶವಿಲ್ಲ. ಯಾರು, ಯಾವಾಗ, ಏನನ್ನು ಬದಲಾಯಿಸಿದರೆಂಬುದು ಪುಟದ ಇತಿಹಾಸದಲ್ಲಿ ಅಳಿಯದೆ ಉಳಿಯುತ್ತದೆ; ನನ್ನ ‘ಹೇಗೆ’ಗಳೂ ಅಲ್ಲಿಯೇ ಇವೆ. ಸುಕ್ಥಂಕರ್ ಮೊದಲಾದ ವಿದ್ವಾಂಸರು ಸಂಪಾದಿಸಿದ, 1919ರಲ್ಲಿ ಆರಂಭವಾಗಿ 1966ರಲ್ಲಿ ಮುಗಿದ ಭಾಂಡಾರ್ಕರ್ ಸಂಸ್ಥೆಯ ಮಹಾಭಾರತದಲ್ಲಿ ಸಂದಿಗ್ಧವಾದ ಪಾಠದ ಕೆಳಗೆ ಅಲೆಯಂಥ ಗೆರೆ ಎಳೆದಿರುವುದನ್ನು ನೋಡಿದವರಿಗೆ ಇದರ ಹಿಂದಿನ ತತ್ತ್ವ ಅಪರಿಚಿತವಲ್ಲ. ನಿಜವಾದ ಅಚ್ಚಿನ ತಪ್ಪು ಕಂಡರೂ ಮೂಲದಲ್ಲಿರುವಂತೆಯೇ ಬರೆದು, ಸಂದೇಹವನ್ನು ಆ ಪುಟದ ಚರ್ಚಾಪುಟದಲ್ಲಿ ಗುರುತಿಸುವುದು ಲೇಸು. ಅಂದಮಾತ್ರಕ್ಕೆ ಎರಡನೆಯ ಓದುಗ ಇದ್ದರೆ ಸಾಕೆಂದಲ್ಲ. ಆ ಓದುಗ ಮಾಸ್ತರರಾಗಿರದೆ ನನ್ನಂಥ ಇನ್ನೊಬ್ಬನಾಗಿದ್ದರೆ ಆ ಪುಟಗಳು ತಪ್ಪುಗಳೊಂದಿಗೇ ಹಸಿರಾಗುತ್ತಿದ್ದವು. ಆಯಾ ಪ್ರಾಂತದ ಭಾಷೆ ಬಲ್ಲವರೇ ಪರಿಶೀಲಕರಾಗಬೇಕು. ನಮ್ಮ ವಿಭಾಗಗಳಲ್ಲಿ ಅಂಥ ವಿದ್ಯಾರ್ಥಿಗಳಿಗೇನೂ ಬರವಿಲ್ಲ.

ಹಳೆಯ ಪುಸ್ತಕಗಳ ಮಾತು ಹಾಗಿರಲಿ, ನಮ್ಮವೇ ಲೇಖನಗಳ ಸ್ಥಿತಿ ಏನು? ಕಳೆದ ಮೂರು ದಶಕಗಳ ಸ್ಮರಣ ಸಂಪುಟಗಳು, ಅಭಿನಂದನ ಗ್ರಂಥಗಳು ಬಹುಮಟ್ಟಿಗೆ ಶ್ರೀಲಿಪಿ, ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಜೋಡಣೆಯಾದವು. ಶ್ರೀಲಿಪಿಯನ್ನು ರೂಪಿಸಿದ್ದು ಇದೇ ಪುಣೆಯ ಸಂಸ್ಥೆ. ಅಂದಿನ ಅಕ್ಷರವಿನ್ಯಾಸಗಳಲ್ಲಿ ಕಡತದೊಳಗೆ ಇರುತ್ತಿದ್ದುದು ಕನ್ನಡದ ಸಂಕೇತಗಳಲ್ಲ. ರೋಮನ್ ಸಂಕೇತಗಳ ಮೇಲೆ ಹೊದಿಸಿದ ಕನ್ನಡದ ಆಕೃತಿಗಳು. ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ನನಗೆ ಪರಿಚಿತವಾದ ಒಂದು ವಿಭಾಗದಲ್ಲಿ ಸಂಪುಟದ ಮೂಲ ಕಡತಗಳು ಇದ್ದೂ ಇಲ್ಲದಂತಾಗಿದ್ದವು. ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣಗಳೇನೋ ಇವೆ. ಆದರೆ ಕಣ್ಣಿಗೆ ಕಾಣುವ ಕ್ರಮದಲ್ಲಿ ವ್ಯಂಜನದ ಅನಂತರ ಕೂಡಿಸಿದ್ದ ಅರ್ಕಾವೊತ್ತು ಉಚ್ಚಾರಣೆಯ ಕ್ರಮದಲ್ಲಿ ಅದರ ಹಿಂದಕ್ಕೆ ಸರಿಯಬೇಕು. ಇದು ಎಲ್ಲ ಕಡೆಯೂ ಸರಿಯಾಗಿ ಆಗಿದೆಯೇ ಎಂಬುದನ್ನು ಮನುಷ್ಯನೇ ನೋಡಬೇಕಾಗುತ್ತದೆ.

ಇಂಥ ಲೇಖನಗಳನ್ನು ಒಪ್ಪಿಸಲು ಹಕ್ಕುದಾರನ ಒಪ್ಪಿಗೆ ಬೇಕು. ಹಕ್ಕುದಾರ ಯಾರು? ನಮ್ಮಲ್ಲಿ ಅನೇಕರು ವಿಶ್ವವಿದ್ಯಾನಿಲಯವೇ ಎಂದು ತಿಳಿದಿದ್ದಾರೆ. ಬೇರೆ ಲಿಖಿತ ಒಪ್ಪಂದವಿಲ್ಲದಿದ್ದರೆ, ಸಂಪುಟಕ್ಕಾಗಿ ಹೊರಗಿನಿಂದ ಬರೆದುಕೊಟ್ಟ ಲೇಖಕನೇ ತನ್ನ ಲೇಖನದ ಒಡೆಯನಾಗಿ ಉಳಿಯುತ್ತಾನೆ. ಹಕ್ಕಿನ ವರ್ಗಾವಣೆ ಬರಹದಲ್ಲಿಯೇ ಆಗಬೇಕು. ಅವಧಿಯನ್ನು ಹೇಳದಿದ್ದರೆ ಅದನ್ನು ಐದು ವರ್ಷಗಳೆಂದು ಕಾನೂನು ಭಾವಿಸುತ್ತದೆ. ಕೆಲಸದ ಭಾಗವಾಗಿ ಬರೆದದ್ದಾದರೆ ಲೆಕ್ಕ ಬೇರೆ, ಸಂಸ್ಥೆಯನ್ನು ಕೇಳಲೇಬೇಕು. ಸಂಸ್ಥೆಗಳು ಒಪ್ಪುವುದಿಲ್ಲವೆಂದೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಆ ಪರವಾನಗಿಯಲ್ಲಿ ಕರ್ತೃವಿನ ಹೆಸರನ್ನು ಹೇಳಲೇಬೇಕೆಂಬ ಷರತ್ತಿದೆ. ಹೆಸರು ಅಳಿದುಹೋದೀತೆಂಬ ಭಯ ಬೇಡ.

ಧನಕವಡಿಯ ಆ ಪ್ರಬಂಧ ಸಂಗ್ರಹದಲ್ಲಿ ಇನ್ನೂ ಅರವತ್ತಕ್ಕೂ ಮಿಕ್ಕ ಪುಟಗಳು ಹಳದಿಯಾಗಿಯೇ ಉಳಿದಿವೆ. ಮಾಸ್ತರರ ಕಣ್ಣಿಗೆ ಶಸ್ತ್ರಚಿಕಿತ್ಸೆಯಾದುದರಿಂದ ಈಗ ಮೊಮ್ಮಗ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದುತ್ತಾನೆ, ಅವರು ಕೇಳಿ ಹೇಳುತ್ತಾರೆ. ಮೊನ್ನೆ ‘ಕೂಡ್ರಿಸಿ’ ಬಂದಾಗ ಹುಡುಗ ತಡವರಿಸಿ, ಇದು ಸರಿಯೇ ಎಂದು ನನ್ನತ್ತ ನೋಡಿದ. ಅಜ್ಜನನ್ನೇ ಕೇಳು ಎಂದೆ.