ಕಲ್ಲಿದ್ದಲಿನಿಂದ ದ್ರವ ಇಂಧನ: ಶಾಖ, ಒತ್ತಡ ಮತ್ತು ಬೂದಿ

ಕಲ್ಲಿದ್ದಲಿಗೂ ಪೆಟ್ರೋಲಿಗೂ ಇರುವ ದೊಡ್ಡ ಅಂತರ ಹೈಡ್ರೋಜನ್ನಿನದು. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಓಡಾಡುವ ಬೈಕಿನ ಪೆಟ್ರೋಲಿನಲ್ಲಿ ಒಂದು ಇಂಗಾಲದ ಪರಮಾಣುವಿಗೆ ಸುಮಾರು ಎರಡು ಹೈಡ್ರೋಜನ್ ಪರಮಾಣುಗಳಿರುತ್ತವೆ; ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಕಡಿಮೆ. ಈ ಕೊರತೆ ನೀಗಲು ಎರಡು ದಾರಿಗಳಿವೆ.

ಮೊದಲನೆಯದು ನೇರ ದಾರಿ. ಜರ್ಮನಿಯ ಫ್ರೀಡ್ರಿಕ್ ಬರ್ಗಿಯಸ್ 1913ರಲ್ಲಿ ತೋರಿಸಿದ್ದು ಇದನ್ನೇ. ಕಲ್ಲಿದ್ದಲ ಪುಡಿಯನ್ನು ಭಾರವಾದ ಎಣ್ಣೆಯಲ್ಲಿ ಕಲಸಿ, 400ರಿಂದ 470 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ವಾತಾವರಣದ ಒತ್ತಡದ 200 ಪಟ್ಟು ಅಥವಾ ಅದಕ್ಕೂ ಮಿಕ್ಕ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸುತ್ತಾರೆ. ಶಾಖ ಕಡಿಮೆಯಾದರೆ ಕಲ್ಲಿದ್ದಲಿನ ಅಣುಬಂಧ ಸರಿಯಾಗಿ ಒಡೆಯದು. ಶಾಖವಿದ್ದು ಹೈಡ್ರೋಜನ್ ಸಾಲದಿದ್ದರೆ ಒಡೆದ ತುಣುಕುಗಳು ಮತ್ತೆ ಕೂಡಿ ಕೋಕ್ ಆಗುತ್ತವೆ. ಶಾಖ ಮಿತಿಮೀರಿದರೆ ಎಣ್ಣೆಯೇ ಒಡೆದು ಅನಿಲವಾಗಿ ಹೋಗುತ್ತದೆ.

ಎರಡನೆಯ ದಾರಿಯಲ್ಲಿ ಕಲ್ಲಿದ್ದಲನ್ನು ಹಬೆ ಮತ್ತು ಆಮ್ಲಜನಕದಿಂದ ಕಾರ್ಬನ್ ಮೊನಾಕ್ಸೈಡ್ ಹಾಗೂ ಹೈಡ್ರೋಜನ್ ಅನಿಲಗಳಾಗಿ ಒಡೆದು, ವೇಗವರ್ಧಕದ ಮೇಲೆ ಹೊಸದಾಗಿ ಕಟ್ಟುತ್ತಾರೆ. 1920ರ ದಶಕದಲ್ಲಿ ಜರ್ಮನಿಯ ರಸಾಯನವಿಜ್ಞಾನಿಗಳಾದ ಫಿಶರ್ ಮತ್ತು ಟ್ರಾಪ್ಶ್ ರೂಪಿಸಿದ ವಿಧಾನವಿದು. ದಕ್ಷಿಣ ಆಫ್ರಿಕಾದ ಸಾಸೋಲ್‌ಬರ್ಗಿನಲ್ಲಿ 1955ರಿಂದ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂತು. 200ರಿಂದ 240 ಡಿಗ್ರಿಯಲ್ಲಿ ಇಂಗಾಲದ ಸರಪಳಿ ಉದ್ದ ಬೆಳೆದು ಮೇಣ, ಡೀಸೆಲ್ ಸಿಗುತ್ತವೆ. 300 ದಾಟಿದರೆ ಸರಪಳಿ ಬೇಗ ಕಳಚಿ ಪೆಟ್ರೋಲ್ ಮತ್ತು ಹಗುರ ಅನಿಲಗಳ ಪಾಲು ಹೆಚ್ಚುತ್ತದೆ. ಗಂಧಕವನ್ನು ಮೊದಲೇ ತೆಗೆಯದಿದ್ದರೆ ಇದೆಲ್ಲ ವ್ಯರ್ಥ: ವೇಗವರ್ಧಕ ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ.

ಭಾರತದಲ್ಲಿ ನಿಜವಾದ ತೊಡಕು ಬೂದಿ. ದೇಶದ ಬಹುಪಾಲು ಕಲ್ಲಿದ್ದಲಿನ ತೂಕದಲ್ಲಿ ಮೂರನೇ ಒಂದು ಭಾಗವೋ ಅದಕ್ಕೂ ಹೆಚ್ಚೋ ಬೂದಿಯೇ. ಕಲ್ಲಿದ್ದಲನ್ನು ಅನಿಲವಾಗಿಸಲು ಬೂದಿ ಕರಗುವಷ್ಟು ಕಾಯಿಸುವ ವಿದೇಶಿ ಕುಲುಮೆಗಳಲ್ಲಿ ಇಂಥ ಕಲ್ಲಿದ್ದಲನ್ನು ಹಾಕಿದರೆ ಶಾಖದ ದೊಡ್ಡ ಪಾಲು ಬೂದಿಗೇ ಹೋಗುತ್ತದೆ. ಕಲಬುರಗಿಗೆ ಹತ್ತಿರದ ಹೈದರಾಬಾದಿನಲ್ಲಿ ಸರ್ಕಾರಿ ಕಂಪನಿ ಬಿಎಚ್‌ಇಎಲ್ ಬೇರೆ ಬಗೆಯ ಕುಲುಮೆ ಬಳಸಿತು. ಕೆಳಗಿನಿಂದ ಊದುವ ಅನಿಲದಲ್ಲಿ ಕಲ್ಲಿದ್ದಲು, ಚುರುಮುರಿ ಭಟ್ಟಿಯ ಬಿಸಿ ಉಸುಕಿನಂತೆ, ಕದಡುತ್ತಲೇ ಇರುತ್ತದೆ. ಇಲ್ಲಿ ಶಾಖ ಬೂದಿ ಮೆತ್ತಗಾಗುವ ಮಟ್ಟಕ್ಕಿಂತ ಕೆಳಗಿರಬೇಕು, ಇಲ್ಲವಾದರೆ ಕಣಗಳು ಅಂಟಿ ಗಟ್ಟಿಯಾಗುತ್ತವೆ. ತೀರಾ ತಗ್ಗಿದರೆ ಇಂಗಾಲ ಪೂರ್ತಿ ಉರಿಯದೆ ಬೂದಿಯೊಡನೆ ಹೊರಬೀಳುತ್ತದೆ. ಈ ಘಟಕ 2022ರ ಜನವರಿಯಲ್ಲಿ ಲೋಕಾರ್ಪಣೆಯಾಯಿತು. ಅದರ ಸಾಮರ್ಥ್ಯ ದಿನಕ್ಕೆ ಕಾಲು ಟನ್ ಮೆಥನಾಲ್ ಎಂಬ ದ್ರವ ಇಂಧನ.

ಕುಲುಮೆಯಿಂದ ಬಂದ ಅನಿಲದಿಂದ ಮೆಥನಾಲ್ ತಯಾರಿಸಲು ಸಾಮಾನ್ಯವಾಗಿ 220ರಿಂದ 270 ಡಿಗ್ರಿ ಶಾಖ, ವಾತಾವರಣದ 50ರಿಂದ 100 ಪಟ್ಟು ಒತ್ತಡ ಮತ್ತು ತಾಮ್ರ-ಸತುವಿನ ವೇಗವರ್ಧಕ ಬೇಕು. ಕ್ರಿಯೆಯೇ ಶಾಖ ಬಿಡುವಂಥದ್ದು. ಆದ್ದರಿಂದ ಹೆಚ್ಚು ಕಾಯಿಸಿದಷ್ಟೂ ಮೆಥನಾಲ್ ಮರಳಿ ಅನಿಲವಾಗುವತ್ತ ವಾಲುತ್ತದೆ, ತಾಮ್ರದ ಕಣಗಳೂ ಒಂದಕ್ಕೊಂದು ಅಂಟಿ ಸತ್ವ ಕಳೆದುಕೊಳ್ಳುತ್ತವೆ. ಹಾಗಾಗಿ ಒಮ್ಮೆಗೆ ಒಂದು ಪಾಲನ್ನಷ್ಟೇ ಮೆಥನಾಲಾಗಿಸಿ, ಉಳಿದ ಅನಿಲವನ್ನು ಮತ್ತೆ ಮತ್ತೆ ಸುತ್ತು ಹಾಯಿಸುತ್ತಾರೆ.