ಎಕೋಕಾರ್ಡಿಯೋಗ್ರಫಿ

ಎಕೋಕಾರ್ಡಿಯೋಗ್ರಫಿಯು ಶ್ರವಣಾತೀತ ಧ್ವನಿತರಂಗಗಳ ನೆರವಿನಿಂದ ಹೃದಯದ ಕೋಣೆಗಳು, ಕವಾಟಗಳು ಹಾಗೂ ರಕ್ತದ ಹರಿವನ್ನು ಪರೀಕ್ಷಿಸುವ ವಿಧಾನವಾಗಿದೆ. ಇದನ್ನು ರೂಢಿಯಲ್ಲಿ 'ಎಕೋ' ಎನ್ನುತ್ತಾರೆ. ಇದರಲ್ಲಿ ಎಕ್ಸ್-ರೇ ವಿಕಿರಣದ ಬಳಕೆ ಇರುವುದಿಲ್ಲ. ರೋಗನಿರ್ಣಯಕ್ಕೆ ಮಾತ್ರವಲ್ಲದೆ, ಶಸ್ತ್ರಚಿಕಿತ್ಸೆ ಅಗತ್ಯವೇ ಮತ್ತು ಅದನ್ನು ಯಾವಾಗ ಮಾಡಬೇಕು ಎಂಬುದನ್ನು ನಿರ್ಧರಿಸಲೂ ಇದು ಆಧಾರವಾಗಿದೆ.

ಇತಿಹಾಸ

ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್‌ಮುತ್ ಹರ್ಟ್ಸ್ 1953ರಲ್ಲಿ ಮೊದಲ ಬಾರಿಗೆ ಹೃದಯದ ಚಲನೆಯನ್ನು ಈ ವಿಧಾನದಿಂದ ದಾಖಲಿಸಿದರು. ಲೋಹದೊಳಗಿನ ಬಿರುಕುಗಳನ್ನು ಪತ್ತೆಹಚ್ಚುವ ಕೈಗಾರಿಕಾ ಉಪಕರಣವನ್ನೇ ಅವರು ಬಳಸಿದರು. ಕಿರಿದಾದ ಮೈಟ್ರಲ್ ಕವಾಟವನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಆಗ ಬಳಕೆಗೆ ಬಂದಿತ್ತು. ಆದರೆ ಕವಾಟ ಹೆಚ್ಚಾಗಿ ಸೋರುತ್ತಿದ್ದರೆ ಆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿರಲಿಲ್ಲ. ಈ ಎರಡು ಸ್ಥಿತಿಗಳನ್ನು ಮೊದಲೇ ಗುರುತಿಸುವುದು ಎಡ್ಲರ್ ಅವರ ಉದ್ದೇಶವಾಗಿತ್ತು. ಈ ಕಾರ್ಯಕ್ಕಾಗಿ ಇಬ್ಬರಿಗೂ 1977ರಲ್ಲಿ ಲಾಸ್ಕರ್ ಪ್ರಶಸ್ತಿ ದೊರೆಯಿತು.

ಕಾರ್ಯವಿಧಾನ

ಎದೆಯ ಮೇಲೆ ಇರಿಸಿದ ಶೋಧಕವು ಧ್ವನಿತರಂಗಗಳನ್ನು ಕಳುಹಿಸಿ, ಅವುಗಳ ಪ್ರತಿಧ್ವನಿಯನ್ನು ಗ್ರಹಿಸುತ್ತದೆ. ಪ್ರತಿಧ್ವನಿ ಮರಳಲು ತೆಗೆದುಕೊಳ್ಳುವ ಸಮಯದಿಂದ ದೂರವನ್ನು ಲೆಕ್ಕಹಾಕಿ ಚಿತ್ರವನ್ನು ರಚಿಸಲಾಗುತ್ತದೆ. ಡಾಪ್ಲರ್ ವಿಧಾನವು ರಕ್ತದ ವೇಗವನ್ನು ಅಳೆಯುತ್ತದೆ. ಸೆಕೆಂಡಿಗೆ ಮೀಟರುಗಳಲ್ಲಿ ದೊರೆತ ವೇಗದ ವರ್ಗವನ್ನು 4ರಿಂದ ಗುಣಿಸಿದರೆ ಕವಾಟದ ಎರಡು ಬದಿಗಳ ಒತ್ತಡದ ವ್ಯತ್ಯಾಸವು ಪಾದರಸದ ಮಿಲಿಮೀಟರುಗಳಲ್ಲಿ ಅಂದಾಜಾಗಿ ದೊರೆಯುತ್ತದೆ. ಉದಾಹರಣೆಗೆ, ವೇಗ 4 ಮೀಟರ್ ಇದ್ದರೆ ವ್ಯತ್ಯಾಸ 64 ಮಿಲಿಮೀಟರ್.

ಚಿಕಿತ್ಸೆಯ ನಿರ್ಧಾರದಲ್ಲಿ ಪಾತ್ರ

ಸಂಧಿವಾತ ಜ್ವರದ ಪರಿಣಾಮವಾಗಿ ಮೈಟ್ರಲ್ ಕವಾಟ ಕಿರಿದಾಗುವ ರೋಗವು ಭಾರತದಲ್ಲಿ ಇಂದಿಗೂ ಕಂಡುಬರುತ್ತದೆ. ವಯಸ್ಕರಲ್ಲಿ ಈ ಕವಾಟದ ದ್ವಾರ ಸಾಮಾನ್ಯವಾಗಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ, 1.5 ಅಥವಾ ಅದಕ್ಕಿಂತ ಕಡಿಮೆಯಾದರೆ ರೋಗ ತೀವ್ರವೆಂದು ಪರಿಗಣಿಸಲಾಗುತ್ತದೆ. ಬಲೂನಿನಿಂದ ಕವಾಟವನ್ನು ಹಿಗ್ಗಿಸಬಹುದೇ ಎಂದು ತಿಳಿಯಲು ವಿಲ್ಕಿನ್ಸ್ ಅಂಕವನ್ನು ಬಳಸುತ್ತಾರೆ. ಕವಾಟದ ದಳಗಳ ಚಲನೆ, ದಪ್ಪ, ಸುಣ್ಣಗಟ್ಟುವಿಕೆ ಮತ್ತು ಕೆಳಗಿನ ತಂತುಗಳ ಸ್ಥಿತಿಗೆ ತಲಾ 1ರಿಂದ 4 ಅಂಕಗಳಿರುತ್ತವೆ. ಒಟ್ಟು ಅಂಕ 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಲೂನ್ ಚಿಕಿತ್ಸೆಯಿಂದ ಉತ್ತಮ ಫಲ ನಿರೀಕ್ಷಿಸಬಹುದು. ಎಡ ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಳಚಿ ಮೆದುಳಿಗೆ ಸಾಗುವ ಅಪಾಯವಿರುವುದರಿಂದ, ಅನ್ನನಾಳದ ಮೂಲಕ ಎಕೋ ಮಾಡಿ ಮೊದಲೇ ಪರಿಶೀಲಿಸುತ್ತಾರೆ. ಕವಾಟವನ್ನು ದುರಸ್ತಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ, ಸೋರಿಕೆ ಉಳಿದಿದೆಯೇ ಎಂಬುದನ್ನು ಎದೆ ಮುಚ್ಚುವ ಮುನ್ನ ಇದೇ ವಿಧಾನದಿಂದ ಖಚಿತಪಡಿಸಿಕೊಳ್ಳಲಾಗುತ್ತದೆ.

ಮಿತಿಗಳು

ಸ್ಥೂಲಕಾಯ ಮತ್ತು ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ಚಿತ್ರವು ಅಸ್ಪಷ್ಟವಾಗಿರಬಹುದು. ಧ್ವನಿಕಿರಣವು ರಕ್ತದ ಹರಿವಿನ ದಿಕ್ಕಿಗೆ ಸಮಾನಾಂತರವಾಗಿ ಇರದಿದ್ದರೆ ವೇಗವು ಕಡಿಮೆಯಾಗಿ ದಾಖಲಾಗಿ, ತೀವ್ರ ರೋಗವೂ ಸೌಮ್ಯವಾಗಿ ತೋರುತ್ತದೆ. ಆದ್ದರಿಂದ ಎಕೋ ವರದಿಯನ್ನು ರೋಗಿಯ ಲಕ್ಷಣಗಳೊಂದಿಗೆ ಹೋಲಿಸಿಯೇ ಶಸ್ತ್ರಚಿಕಿತ್ಸೆಯನ್ನು ನಿರ್ಧರಿಸಲಾಗುತ್ತದೆ.